ಭಾನುವಾರದ ಎರಡು ಚರ್ಚೆಗಳು

ಭಾನುವಾರ ಬೆಳಗಿನ ಚರ್ಚೆಯನ್ನು ಗುರುವಾರವೇ ರೆಕಾರ್ಡ್ ಮಾಡಿಡುವುದು ಆ ರೇಡಿಯೋ ಕೇಂದ್ರದ ಹಳೆಯ ಪದ್ಧತಿ. ದೇಶದ ಹಣೆಬರಹ ಬಲ್ಲ ದೊಡ್ಡವರು ಭಾನುವಾರದ ನಿದ್ದೆ ಬಿಟ್ಟು ಬರುತ್ತಾರೆಯೇ! ಚುನಾವಣೆ ಇದ್ದರೆ ಇವರು ಗೆದ್ದಂತೆ ಒಂದು ಸಲ, ಅವರು ಗೆದ್ದಂತೆ ಇನ್ನೊಂದು ಸಲ ಮಾತಾಡಿ ಕಾರು ಹತ್ತುತ್ತಿದ್ದರು. ಎರಡರಲ್ಲೂ "ನಾನು ಮೊದಲೇ ಹೇಳಿದ್ದೆ" ಎಂಬುದು ಮಾತ್ರ ತಪ್ಪುತ್ತಿರಲಿಲ್ಲ. ಯಾವುದು ನಿಜವಾಯಿತೋ ಅದನ್ನು ಪ್ರಸಾರ ಮಾಡಿ, ಇನ್ನೊಂದನ್ನು ಅಳಿಸುವುದು ಕತ್ತರಿ ಅಕ್ಕನ ಕೆಲಸ.

ಕತ್ತರಿ ಅಕ್ಕ ಅಂದರೆ ಅಲ್ಲಿ ಧ್ವನಿ ಸಂಕಲನ ಮಾಡುವಾಕೆ. ಪಂಡಿತರ ಕೆಮ್ಮು, ಏದುಸಿರು, ಕುರ್ಚಿಯ ಕಿರಕಿರ ಎಲ್ಲ ಕತ್ತರಿಸಿ, ಅರೆಬೆಂದ ಮಾತನ್ನೂ ಕೇಳುವಂತೆ ಮಾಡುತ್ತಿದ್ದಳು. ವರ್ಷಗಟ್ಟಲೆ ಊರಿನ ಕಿವಿಗೆ ಬೇರೆಯವರ ಮಾತು ತುಂಬಿದವಳು ಒಮ್ಮೆಯೂ ಮೈಕಿನ ಮುಂದೆ ಬಾಯಿ ಬಿಟ್ಟಿರಲಿಲ್ಲ.

ಆ ವಾರದ ವಿಷಯ ನದಿ. ಪಕ್ಕದ ದೇಶದಿಂದ ಇಳಿದು ಬರುವ ಆ ನದಿ ಎರಡು ಬೇಸಿಗೆಯಿಂದ ಬತ್ತುತ್ತಿತ್ತು. ಅವರು ನೀರು ಹಿಡಿದಿಟ್ಟರೆಂದು ಇವರು, ಇವರು ಸೈನ್ಯ ತಂದರೆಂದು ಅವರು ಹಲ್ಲು ಮಸೆಯುತ್ತಿದ್ದರು. ಶನಿವಾರದ ಮಾತುಕತೆ ಫಲಿಸಿದರೆ ಶಾಂತಿ, ಮುರಿದರೆ ಯುದ್ಧ.

ಕತ್ತರಿ ಅಕ್ಕನ ತಂಗಿ ಗುಬ್ಬಿ ಇದ್ದದ್ದು ಆ ನದಿಯ ಆಚೆ ದಂಡೆಯಲ್ಲಿ, ಈ ದೇಶದ್ದೇ ಗಡಿ ಊರಿನಲ್ಲಿ. ಈಚೆ ಬರಲು ಇದ್ದದ್ದು ಒಂದೇ ಸೇತುವೆ. ಯುದ್ಧ ಶುರುವಾದರೆ ಮೊದಲು ಉರುಳುವುದೂ ಅದೇ. ಗಂಡ ಸೈನ್ಯದ ಕರೆ ಬಂದು ಹೋಗಿದ್ದ. ಮನೆಯಲ್ಲಿ ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ.

"ಬಂದ್ಬಿಡೇ," ಎಂದು ಅಕ್ಕ ಫೋನಿನಲ್ಲಿ ಗೋಗರೆದಿದ್ದಳು.

"ಅತ್ತೆನ ಅಲ್ಲಾಡಿಸಿದ್ರೆ ಉಸಿರು ಕಟ್ಟುತ್ತೆ ಕಣೇ. ಸುಮ್ಮನೆ ಹೊರಟು, ದಾರೀಲಿ ಏನಾದ್ರೂ ಆಗಿ, ಆಮೇಲೆ ಯುದ್ಧಾನೇ ಆಗದಿದ್ರೆ? ನಿಮ್ಮಣ್ಣನಿಗೆ ಯಾವ ಮುಖ ತೋರಿಸ್ಲಿ?" ಗಂಡ ಅಕ್ಕನಿಗಿಂತ ಚಿಕ್ಕವನಾದರೂ ಅವಳ ಮುಂದೆ ಅವನನ್ನು ತಮಾಷೆಗೆ ನಿಮ್ಮಣ್ಣ ಎಂದೇ ಕರೆಯುತ್ತಿದ್ದಳು. "ಸರ್ಕಾರಿ ಸುದ್ದೀಲಿ ಮನೆ ಸುಡ್ತಿದ್ರೂ ಎಲ್ಲಾ ಹತೋಟೀಲಿದೆ ಅಂತಾರೆ. ನಿನ್ನ ಭಾನುವಾರದ ಚರ್ಚೆ ಕೇಳ್ತೀನಿ. ಅದರಲ್ಲಿ ಯುದ್ಧ ಅಂದ್ರೆ ಆ ಕ್ಷಣ ಹೊರಟೆ. ಕಾರಿಗೆ ಸಾಮಾನು ತುಂಬಿಟ್ಟಿದೀನಿ."

ಗುರುವಾರ ಮೂವರು ಬಂದರು. ನಿವೃತ್ತ ಕರ್ನಲ್ ಶಾಂತಿಯ ಚರ್ಚೆಯಲ್ಲಿ ಹೂವಿನಂತೆ ಮಾತಾಡಿದ. ಚಹಾ ಕುಡಿದು ಯುದ್ಧದ ಚರ್ಚೆಗೆ ಕೂತವನು ಮೇಜು ಗುದ್ದಿದ. ರಾಜಕೀಯದ ಪ್ರೊಫೆಸರ್ ಎರಡರಲ್ಲೂ ಎರಡೂ ಕಡೆ ತಪ್ಪಿದೆ ಎಂದ. ಕೊನೆಯ ಚೂರು ಸಮಯ ಸಿಕ್ಕುತ್ತಿದ್ದ ಹವಾಮಾನದ ಮೇಡಂ ಒಂದೇ ಸಲ ಮಾತಾಡಿ ಎದ್ದರು.

"ಇನ್ನೊಂದು ಸಲ, ಮೇಡಂ?" ಎಂದ ನಿರೂಪಕ.

"ನಂದು ಒಂದೇ ಸಾಕು. ಯುದ್ಧ ಆದ್ರೂ ಆ ನದಿ ಬತ್ತುತ್ತೆ, ಆಗದಿದ್ರೂ ಬತ್ತುತ್ತೆ. ಮೇಲೆ ಹಿಮಾನೇ ಇಲ್ಲ. ಎರಡಕ್ಕೂ ಅಂಟಿಸ್ಕೊಳ್ಳಿ."

ನಿರೂಪಕ ನಕ್ಕ. ಕತ್ತರಿ ಅಕ್ಕನಿಗೆ ನಗು ಬರಲಿಲ್ಲ.

ಮೇಡಂ ಮಾತನ್ನು ಅವಳು ಮೊದಲು ಯುದ್ಧದ ಚರ್ಚೆಗೆ ಅಂಟಿಸಿದಳು, ಕಹಿ ಔಷಧ ಕುಡಿದವಳಂತೆ ಬೇಗ ಮುಗಿಸಿ. ಶಾಂತಿಯ ಚರ್ಚೆಯನ್ನು ಮಾತ್ರ ಶನಿವಾರ ಸಂಜೆಯವರೆಗೂ ಕೈಬಿಡಲಿಲ್ಲ. ಕರ್ನಲ್‌ನ ಪ್ರತಿ ಪದವನ್ನೂ ತೀಡಿದಳು, ಮತ್ತೆ ಮತ್ತೆ ಕೇಳಿದಳು. ಹೀಗೆ ನುಣುಪು ಮಾಡಿಟ್ಟರೆ ಅದೇ ನಿಜವಾದೀತೆಂಬ ಹುಚ್ಚು ಆಸೆ ಅವಳಿಗೆ. ಪಾಪ, ಇನ್ನೇನು ತಾನೇ ಅವಳ ಕೈಲಿತ್ತು?

ಭಾನುವಾರ ಪ್ರಸಾರಕ್ಕೆ ಇನ್ನೇನು ಹೊತ್ತಾಯಿತು ಎನ್ನುವಾಗ ನಿರೂಪಕ ಬಾಗಿಲಲ್ಲಿ ತಲೆ ಹಾಕಿದ. "ಮುರಿದುಬಿತ್ತಂತೆ. ಯುದ್ಧದ್ದು ಹಾಕಿ." ಅಷ್ಟು ಹೇಳಿ ಸುದ್ದಿಮನೆಗೆ ಓಡಿದ.

ಅವಳು ಒಂದು ಕೈಯಲ್ಲಿ ತಂಗಿಯ ನಂಬರ್ ಒತ್ತುತ್ತ, ಇನ್ನೊಂದರಲ್ಲಿ ಚರ್ಚೆ ಶುರು ಮಾಡಿದಳು. ಫೋನಿನ ದನಿ ಕೇಳಲೆಂದು ಸ್ಪೀಕರಿನ ಸದ್ದು ಪೂರ್ತಿ ತಗ್ಗಿಸಿದಳು. ಲೈನ್ ಸಿಗಲಿಲ್ಲ. ಮತ್ತೆ ಒತ್ತಿದಳು. ಸಿಗದಿದ್ದರೂ ಚಿಂತೆಯಿಲ್ಲ, ಗುಬ್ಬಿ ರೇಡಿಯೋ ಕೇಳಿ ಹೊರಟಿರುತ್ತಾಳೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಚರ್ಚೆ ಅರ್ಧಕ್ಕೆ ಬಂದಿರಬೇಕು, ಆಗ ಲೈನ್ ಸಿಕ್ಕಿತು.

"ಅಕ್ಕಾ! ಕೇಳ್ತಾ ಇದೀನಿ ಕಣೇ!" ಗುಬ್ಬಿ ನಗುತ್ತಿದ್ದಳು. "ನಿನ್ನ ಕರ್ನಲ್ ಬಾಯಿಗೆ ಸಕ್ಕರೆ ಹಾಕ್ಬೇಕು. ಸಾಮಾನೆಲ್ಲ ಇಳಿಸ್ದೆ. ಅಕ್ಕಪಕ್ಕದವರಿಗೂ ಹೇಳ್ದೆ, ಅವರೂ ಇಳಿಸ್ತಿದಾರೆ. ಅತ್ತೆ ನಿನ್ನೆಯಿಂದ ಏನೂ ತಿಂದಿರ್ಲಿಲ್ಲ, ಈಗ ಒಂದು ತುತ್ತು ತಿಂದ್ರು, ನೋಡು."

ಏನು ಹೇಳುತ್ತಿದ್ದಾಳೆಂದು ಅಕ್ಕನಿಗೆ ತಿಳಿಯಲಿಲ್ಲ. ಸ್ಪೀಕರಿನ ಸದ್ದು ಏರಿಸಿದಳು. ಎರಡೂ ದೇಶಗಳು ಪ್ರಬುದ್ಧತೆ ತೋರಿವೆ ಎಂದು ಕರ್ನಲ್ ನಯವಾಗಿ ಹೇಳುತ್ತಿದ್ದ. ಎಲ್ಲೂ ತಡವರಿಕೆಯಿಲ್ಲ, ಕೆಮ್ಮಿಲ್ಲ. ಅಷ್ಟು ಚೆನ್ನಾಗಿ ಕತ್ತರಿಸಿದ್ದಳು. ಯುದ್ಧದ್ದರ ಬದಲು, ಶನಿವಾರವಿಡೀ ಪರದೆಯ ಮೇಲೆ ತೆರೆದೇ ಇದ್ದ ಶಾಂತಿಯ ಚರ್ಚೆಯನ್ನೇ ಬೆರಳು ಒತ್ತಿಬಿಟ್ಟಿತ್ತು.

"ಗುಬ್ಬೀ, ಸುಳ್ಳು ಕಣೇ! ಹೊರಡು!"

ಫೋನು ಆಗಲೇ ಸತ್ತಿತ್ತು.

ಅವಳು ಚರ್ಚೆಯನ್ನು ಅರ್ಧಕ್ಕೇ ನಿಲ್ಲಿಸಿ, ನಿರೂಪಕನ ಖಾಲಿ ಕುರ್ಚಿಗೆ ನುಗ್ಗಿ ಮೈಕಿನ ಗುಂಡಿ ಒತ್ತಿದಳು. ಕೆಮ್ಮಿದಳು, ಉಸಿರು ಮೇಲೆಕೆಳಗಾಯಿತು. ಎಲ್ಲವೂ ಹಾಗೆಯೇ ಪ್ರಸಾರವಾಯಿತು. "ಈಗ ಕೇಳಿದ್ದು ತಪ್ಪು. ಮಾತುಕತೆ ಮುರಿದಿದೆ. ತಪ್ಪು ನಂದು. ಸೇತುವೆ ಆಚೆ ಇರೋರು ಈಗ್ಲೇ ಹೊರಡಿ. ಗುಬ್ಬೀ, ಕೇಳಿಸ್ತೇನೇ? ಹೊರಡು."

ಗಾಜಿನ ಆಚೆಯಿಂದ ಎಂಜಿನಿಯರ್ ಓಡಿ ಬಂದ. ಬೈಯಲೆಂದೇ ಬಂದವನು ಅವಳ ಮುಖ ನೋಡಿ ದನಿ ತಗ್ಗಿಸಿದ.

"ಯಾರಿಗಮ್ಮಾ ಹೇಳ್ತಿದೀರಿ? ಆ ದಂಡೆಗೆ ನಮ್ಮ ರೇಡಿಯೋ ಮುಟ್ಟಿಸೋ ಟವರೇ ಹೋಯ್ತು. ಕರ್ನಲ್ ಮಾತಾಡ್ತಿದ್ದಾಗ್ಲೇ ಹೋಯ್ತು."

ಅವಳು ಅವನತ್ತ ತಿರುಗಿ ನೋಡಿದಳು. ಗುಂಡಿಯ ಮೇಲಿನ ಬೆರಳು ತೆಗೆಯಲಿಲ್ಲ.

"ಗುಬ್ಬೀ," ಎಂದಳು ಮತ್ತೆ ಮೈಕಿಗೆ, "ಸಾಮಾನು ಬಿಟ್ಹಾಕು. ಅತ್ತೆನ ಹಿಂದಿನ ಸೀಟಲ್ಲಿ ಮಲಗಿಸು. ಮಕ್ಕಳನ್ನ ಮುಂದೆ ಕೂರಿಸ್ಕೋ."