ಫ್ರಿಜ್ಜಿನಲ್ಲಿಟ್ಟ ಹಾಲು

ಬೈಂಡಿಂಗ್ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಗಡಿಬಿಡಿ ಎಂದೇ ಕರೆಯುತ್ತಿದ್ದರು. ಅಲ್ಲಿ ಹೆಂಗಸರು ಉದ್ದನೆಯ ಮೇಜಿನ ಸುತ್ತ ಕೂತು, ತಮ್ಮ ಪಾಲಿನ ಹಾಳೆ ಸೇರಿಸಿ ಪಕ್ಕದವಳಿಗೆ ದಾಟಿಸುತ್ತ ಪುಸ್ತಕ ಜೋಡಿಸುತ್ತಾರೆ. ಒಬ್ಬಳು ಎದ್ದರೆ ಇಡೀ ಸಾಲೇ ನಿಂತುಹೋಗುತ್ತದೆ. ಹಾಗಾಗಿ ಯಜಮಾನರ ಲೆಕ್ಕದಲ್ಲಿ ಬಾತ್‌ರೂಮಿಗೆ ಹೋಗುವುದೂ ಅಪರಾಧವೇ.

ಗಡಿಬಿಡಿಗೆ ಮನೆಯಲ್ಲಿ ಮೂರು ತಿಂಗಳ ಮಗಳು. ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ನೀರೂ ಬೇಡ ಎಂದು ಆಸ್ಪತ್ರೆಯ ನರ್ಸಮ್ಮ ಹೇಳಿ ಕಳಿಸಿದ್ದರು. ಕೆಲಸಕ್ಕೆ ಹೋಗುವವಳು ಆ ಹಾಲನ್ನು ಎಲ್ಲಿ ಕೂತು ಹಿಂಡಬೇಕು ಎಂದು ಮಾತ್ರ ಯಾವ ಪುಣ್ಯಾತ್ಮರೂ ಹೇಳಿರಲಿಲ್ಲ. ಊಟದ ಬಿಡುವಿನಲ್ಲಿ ಉಳಿದವರು ತುತ್ತು ಬಾಯಿಗಿಡುವಾಗ ಇವಳು ಬಾತ್‌ರೂಮಿನ ಬಕೆಟ್ ಬೋರಲು ಹಾಕಿ ಕೂತು, ಫಿನಾಯಿಲ್ ವಾಸನೆಗೆ ಮೂಗು ಮುಚ್ಚಿಕೊಳ್ಳಲೂ ಕೈ ಬಿಡುವಿಲ್ಲದೆ, ಸ್ಟೀಲ್ ಡಬ್ಬಿಗೆ ಹಾಲು ಹಿಂಡುತ್ತಿದ್ದಳು. ಡಬ್ಬಿ ಆಫೀಸಿನ ಫ್ರಿಜ್ಜಿಗೆ, ಸಂಜೆ ಮನೆಗೆ. ಇವತ್ತಿನ ಹಾಲು ನಾಳೆ ಮಗುವಿಗೆ.

ಅತ್ತೆ ಆಗಲೇ ಹಾಲಿನ ಪುಡಿಯ ಡಬ್ಬ ತಂದು ಕಪಾಟಿನಲ್ಲಿಟ್ಟಿದ್ದರು. "ಒಂದು ದಿನ ನಿನ್ನ ಹಾಲು ಸಾಲದೆ ಹೋಗ್ಲಿ, ಅವತ್ತೇ ಇದನ್ನ ತೆಗೀತೀನಿ. ನಿನ್ನ ಹಟಕ್ಕೆ ಮಗು ಹೊಟ್ಟೆ ಮೇಲೆ ತಣ್ಣೀರು ಬಟ್ಟೆ ಹಾಕೋಕಾಗಲ್ಲ."

ಗಂಡ ಅಮ್ಮನ ಮಾತಿಗೂ ಹೂಂ, ಹೆಂಡತಿಯ ಮಾತಿಗೂ ಹೂಂ.

ಆ ಮಧ್ಯಾಹ್ನ ಯಜಮಾನರ ಕೋಣೆಗೆ ದೊಡ್ಡ ಗಿರಾಕಿಯೊಬ್ಬರು ಬಂದರು. ಟೀಗೆ ಕೂಗು ಹೋಯಿತು. ಹಾಲಿನ ಪ್ಯಾಕೆಟ್ ಮುಗಿದಿತ್ತು. ಟೀ ಮಾಡುವ ಮಾಮ ಫ್ರಿಜ್ ತೆರೆದು ನೋಡಿದರೆ, ಸದ್ಯ, ಯಾರೋ ಡಬ್ಬಿಯಲ್ಲಿ ಹಾಲಿಟ್ಟಿದ್ದಾರೆ!

ನೀರು ಕುಡಿಯಲು ಎದ್ದ ಗಡಿಬಿಡಿಗೆ ಕಂಡದ್ದು ಸಿಂಕಿನಲ್ಲಿ ಮಾಮ ಉಜ್ಜುತ್ತಿದ್ದ ಡಬ್ಬಿ.

"ಮಾಮ, ಇದರಲ್ಲಿದ್ದ ಹಾಲು?"

"ಟೀಗೆ ಹಾಕ್ದೆ ಕಣಮ್ಮಾ. ಯಾಕೆ, ನಿಂದಾ?"

"ನಂದೇ ಮಾಮ. ನಂದು ಅಂದ್ರೆ... ನಂದೇ."

ಮಾಮನ ಕೈಯಿಂದ ಡಬ್ಬಿ ಠಣ್ಣೆಂದು ಬಿತ್ತು. ಸುದ್ದಿ ಕೋಣೆ ಮುಟ್ಟಲು ಹೊತ್ತು ಬೇಕಾಗಲಿಲ್ಲ. ಗಿರಾಕಿ ಮುಖ ಸಿಂಡರಿಸಿಕೊಂಡು ಹೊರಟೇ ಹೋದರು. ಯಜಮಾನರು ಸಿಂಕಿಗೆ ಓಡಿಬಂದು ಬಾಯಿ ಮುಕ್ಕಳಿಸಿದ್ದೇ ಮುಕ್ಕಳಿಸಿದ್ದು.

"ಥೂ! ಇಂಥ ಹೊಲಸೆಲ್ಲ ಫ್ರಿಜ್ಜಲ್ಲಿ ಇಡ್ತಾರೇನಮ್ಮಾ? ಮರ್ಯಾದಸ್ಥರು ಬರೋ ಜಾಗ ಇದು. ನಾಳೆಯಿಂದ ಇದೆಲ್ಲ ಬಂದ್! ಅಂಗಡೀಲಿ ಹಾಲಿನ ಪುಡಿ ಸಿಗಲ್ವಾ?"

ಹೊಲಸಂತೆ! ಇವತ್ತು ಟೀ ರುಚಿಯಾಗಿದೆ ಎಂದು ತಳದವರೆಗೂ ಹೀರಿ, ಇನ್ನರ್ಧ ಕಪ್ ಕೇಳಿದ್ದ ಬಾಯಿ ಅದು. ಮಾಮ ತಲೆ ತಗ್ಗಿಸಿ ನಿಂತಿದ್ದ. ತಾನೂ ತಗ್ಗಿಸಬೇಕೆಂದು ಎಲ್ಲರೂ ಕಾಯುತ್ತಿದ್ದಾರೆ ಎಂದು ಗಡಿಬಿಡಿಗೆ ಗೊತ್ತಾಯಿತು, ಮೈಯೆಲ್ಲ ಉರಿದುಹೋಯಿತು.

"ಹೊಲಸು ಅನ್ಬೇಡಿ ಸಾರ್. ಊಟ ಬಿಟ್ಟು, ಬಾತ್‌ರೂಮಲ್ಲಿ ಕೂತು ಹಿಂಡಿದ್ದು ನಾನು. ಕುಡಿದಿದ್ದು ನೀವು. ನಾಳೆ ಹಸ್ಕೊಂಡಿರೋದು ನನ್ನ ಮಗಳು. ಅವಳ ಊಟ ಹೋಯ್ತು, ಬಾಯಿ ತೊಳ್ಕೊಳ್ತಿರೋದು ನೀವು!"

ಯಜಮಾನರ ಬಾಯಿಂದ ನೀರು ಗಲ್ಲಕ್ಕಿಳಿಯಿತು. ಅವಳು ಡಬ್ಬಿಯನ್ನೂ ಮುಚ್ಚಳವನ್ನೂ ಎತ್ತಿಕೊಂಡು ಬಿಸಿನೀರಿನಲ್ಲಿ ತೊಳೆದು, ನೆಟ್ಟಗೆ ಯಜಮಾನರ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿದಳು.

ಹಾಲು ಬರಲಿಲ್ಲ. ಸಿಟ್ಟಿಗೆ ಎದೆ ಕಲ್ಲಾಗಿ ನೋಯುತ್ತಿತ್ತು, ಒಂದು ಹನಿಯೂ ಇಳಿಯಲೊಲ್ಲದು. ಅಷ್ಟರಲ್ಲಿ ಯಜಮಾನರು ಬಾಗಿಲು ದಬದಬ ಬಡಿಯತೊಡಗಿದರು.

"ಸಾಲು ನಿಂತಿದೆ! ಇನ್ನೂ ಎಷ್ಟು ಹೊತ್ತಮ್ಮಾ?"

"ನೀವು ಬಾಗಿಲು ಬಡಿಯೋದು ನಿಲ್ಲಿಸಿದ್ಮೇಲೆ ಹಾಲು ಬರುತ್ತೆ ಸಾರ್. ಅಲ್ಲೀವರೆಗೂ ನಿಂತಿರಿ."

ಮೇಜಿನ ಕಡೆಯಿಂದ ಯಾರೋ ಕಿಸಕ್ಕೆಂದು ನಕ್ಕರು. ಬಡಿತ ನಿಂತಿತು. ಡಬ್ಬಿ ಇನ್ನೂ ಖಾಲಿಯೇ. ಅವಳು ಯಜಮಾನರ ಕುರ್ಚಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಮಗಳ ಮುಖ ನೆನೆಯುತ್ತ ಕೂತಳು.