ಬಲಗಾಲಿನ ಬೂಟು

"ಇಳಿಸ್ರೋ ಕೆಳಗೆ! ಇದು ಬಲಗಾಲಿಂದು!"

ಖಾಲಿ ಶವಪೆಟ್ಟಿಗೆ ಹೊತ್ತು ಅಂಗಳಕ್ಕೆ ಕುಣಿಯುತ್ತ ಬಂದ ಆರು ಜನ ಎತ್ತಿದ ಕಾಲು ಎತ್ತಿದ ಹಾಗೇ ನಿಂತರು. ತುತ್ತೂರಿಯವನು ಅರ್ಧಕ್ಕೇ ಉಸಿರು ನುಂಗಿಕೊಂಡ. ಕೂಗಿದವಳು ಸತ್ತವನ ಹೆಂಡತಿ ಕೊರ್ಕೊಯ್.

ಘಾನಾ ದೇಶದ ನಮ್ಮ ಟೆಶಿಯಲ್ಲಿ ಮೀನುಗಾರ ಸತ್ತರೆ ಮರದ ಮೀನಿನೊಳಗೆ ಮಲಗಿ ಹೋಗುತ್ತಾನೆ, ಡ್ರೈವರ್ ಸತ್ತರೆ ಮರದ ಬಸ್ಸಿನೊಳಗೆ. ಬಂದವನು ಯಾರು ಅಂತ ಮೊದಲೇ ಸತ್ತು ಅಲ್ಲಿ ಸೇರಿದ ಹಿರಿಯರಿಗೂ ಗೊತ್ತಾಗಬೇಡವೇ? ಈಗ ಸತ್ತ ಅಶಿಟೆ ಫುಟ್ಬಾಲ್ ಡಿಫೆಂಡರ್, ಎಡಗಾಲಿನ ಆಟಗಾರ, ಮೈದಾನದ ಎಡ ಅಂಚಿನ ಕಾವಲುಗಾರ. ಹಾಗಾಗಿ ಬೂಟಿನ ಆಕಾರದ ಪೆಟ್ಟಿಗೆ. ಆಳೆತ್ತರದ ಕರಿ ಬೂಟು, ಹಗ್ಗದ ಲೇಸು, ಮಿರಿಮಿರಿ ಬಣ್ಣ. ಎಲ್ಲ ಸರಿಯಾಗಿತ್ತು, ಕಾಲೊಂದು ಬಿಟ್ಟು.

"ಮಾದರಿಗೆ ಅಂತ ದೆದೇಯಮ್ಮ ಕೊಟ್ಟಿದ್ದೇ ಈ ಕಾಲಿಂದು," ಅಂದರು ಪೆಟ್ಟಿಗೆ ಮಾಡಿದ ಆನಾಂಗ್ ಮೇಸ್ತ್ರಿ.

ದೆದೇಯ್ ಅಶಿಟೆಯ ಅಕ್ಕ. ಸೆರಗು ಸೊಂಟಕ್ಕೆ ಬಿಗಿದಳು. "ಎಡಗಾಲಿಂದು ಹರಿದು ಚಿಂದಿಯಾಗಿತ್ತು ಕಣೇ. ಇದು ಅಂಗಡಿಯಿಂದ ಈಗ ತಂದ ಹಾಗಿತ್ತು. ಸತ್ತವನಿಗೆ ಯಾರಾದ್ರೂ ಹಳೇದು ಕೊಡ್ತಾರಾ?"

"ಹೊಸದಾಗೇ ಇರುತ್ತೆ ಅಕ್ಕಾ! ಬಸ್ ಹತ್ತೋಕೆ ಬಿಟ್ರೆ ನಿಮ್ಮ ತಮ್ಮ ಆ ಕಾಲನ್ನ ಯಾವುದಕ್ಕೂ ಬಳಸಿದ್ದಿಲ್ಲ. ಅಲ್ಲಿ, ತೀರಿಹೋದ ಮಾವ ಬಾಗಿಲಲ್ಲೇ ಕಾಯ್ತಿರ್ತಾರೆ. ಇದರಲ್ಲಿ ಹೋದ್ರೆ, ಯಾವನೋ ಬೇರೆಯವನು ಅಂತ ಆಚೆ ಅಟ್ಟಿಬಿಡ್ತಾರೆ. ಇದರಲ್ಲಿ ಇವರನ್ನ ಮಲಗಿಸೋಕೆ ನಾನು ಬಿಡಲ್ಲ."

"ಇನ್ನೊಂದು ಕೆತ್ತೋಕೆ ಎರಡು ವಾರ ಬೇಕು ತಾಯೀ," ಅಂದರು ಮೇಸ್ತ್ರಿ. ಒಳಗೆ ಅಶಿಟೆ ಸೂಟು ತೊಟ್ಟು ಮಲಗಿದ್ದ. ಹೊರಗೆ ಶಾಮಿಯಾನದ ತುಂಬ ಸೂತಕದ ಕೆಂಪು ಕಪ್ಪು ಬಟ್ಟೆಯ ಜನ. ಗುಂಡಿ ತೋಡಿದವರು ಆಗಲೇ ಊಟಕ್ಕೆ ಕೂತಿದ್ದರು.

*

ಅಶಿಟೆ ಸುತ್ತದ ದೇಶವಿಲ್ಲ. ಮಲೇಷ್ಯಾದಲ್ಲಿ ಬೆವೆತ, ಫಿನ್ಲೆಂಡಿನಲ್ಲಿ ಎರಡು ಪ್ಯಾಂಟು ಒಟ್ಟಿಗೆ ತೊಟ್ಟು ಆಡಿದ, ಕುವೈತಿನಲ್ಲಿ ಮರಳು ಉಗಿದ. ಆದರೆ ಎದುರಾಳಿಯ ಗೋಲಿಗೆ ಒಂದೇ ಒಂದು ಸಲವೂ ಹೊಡೆಯಲಿಲ್ಲ. ಗೋಲು ಹೊಡೆದವನ ಪಾದವನ್ನು ಜೊತೆಗಾರರು ತೊಡೆಯ ಮೇಲಿಟ್ಟುಕೊಂಡು ಬೂಟು ಒರೆಸುತ್ತಾರಲ್ಲ, ಆ ಭಾಗ್ಯ ಅವನಿಗಿರಲಿಲ್ಲ. "ನನ್ನ ಬೂಟನ್ನ ನಾನೇ ಒರೆಸ್ಕೋಬೇಕು ಕಣೇ," ಅಂತ ನಗುತ್ತಿದ್ದ.

ಕೊರ್ಕೊಯ್ ರಸ್ತೆ ಬದಿ ಮೀನು ಕರಿಯುತ್ತ ಅವನಿಗಾಗಿ ಕಾದಳು. ಕಾದೂ ಕಾದೂ ರೋಸಿ, ಪಕ್ಕದೂರು ತೇಮಾದ ಒಬ್ಬ ಟೈಲರನಿಗೆ ಈಸ್ಟರ್ ಆದಮೇಲೆ ಮದುವೆಗೆ ಹೂಂ ಅಂದಳು. ಈಸ್ಟರಿಗೆ ಮೊದಲೇ ಸೈಪ್ರಸ್ಸಿನಿಂದ ಅಶಿಟೆ ಬಂದು ಬಾಣಲೆಯ ಮುಂದೆ ನಿಂತ, ಕೈಯಲ್ಲೊಂದು ಚೀಲ.

"ಕ್ಲಬ್ಬಿನವರು ಬಿಟ್ರಾ?"

"ಕೈಕಾಲು ಹಿಡಿದೆ, ಬಿಟ್ರು," ಅಂದಿದ್ದ.

*

"ಕೈಕಾಲು ಹಿಡಿದನಂತಾ?" ಕೊರ್ಕೊಯ್ ಇದನ್ನು ಹೇಳಿಕೊಂಡದ್ದು ಕೇಳಿ ಶಾಮಿಯಾನದ ಮೂಲೆಯಲ್ಲಿದ್ದ ಕೊಟೇಯ್ ನಕ್ಕ. ಸೈಪ್ರಸ್ಸಿನಲ್ಲಿ ಅಶಿಟೆಯ ತಂಡಕ್ಕೆ ಗೋಲ್‌ಕೀಪರ್ ಆಗಿದ್ದವನು ಅವನೇ. "ಒದ್ದು ಓಡಿಸಿದ್ರು ಅತ್ತಿಗೆ!"

ಕೊರ್ಕೊಯ್ ತಿರುಗಿದಳು. "ಏನಂದೆ?"

"ರಜೆ ಬೇಡಿದ, ಕೊಡಲಿಲ್ಲ. ಬಿಟ್ಟುಬಿಡಿ ಅಂದ, ಒಪ್ಪಂದ ಇದೆ ಅಂದ್ರು. ಟೈಲರನ ಸುದ್ದಿ ಬಂದ ವಾರ ಅದು. ಭಾನುವಾರ ಫೈನಲ್. ಕೊನೇ ನಿಮಿಷ, ಸಮಸಮ. ಚೆಂಡು ಇವನ ಬಲಗಾಲಿಗೆ ಬಂತು. ಹೊರಗೆ ಅಟ್ಟೋದು ಬಿಟ್ಟು ತಿರುಗಿದ, ನನ್ನ ಮುಖ ನೋಡಿದ, ನಮ್ಮ ಗೋಲಿಗೇ ಬಾರಿಸಿದ! ಅಬ್ಬಾ, ಅದೇನು ಗುರಿ! ಮೇಲಿನ ಮೂಲೆಗೇ. ನನ್ನ ಬೆರಳೂ ಮುಟ್ಟಲಿಲ್ಲ. ಆ ರಾತ್ರಿನೇ ಟಿಕೆಟ್ ಕೈಗಿಟ್ಟು ಊರಿಗೆ ಹೋಗು ಅಂದ್ರು."

"ಜಾರಿರಬೇಕು ಕಾಲು," ಅಂದಳು ದೆದೇಯ್, ತಮ್ಮನ ಮಾನ ಕಾಯುವವಳ ಹಾಗೆ.

"ನಾನೂ ಹಾಗೇ ಕೇಳಿದೆ ಅಕ್ಕಾ. ಶಿಳ್ಳೆ ಹಾಕ್ತಾ ಬಟ್ಟೆ ಮಡಚ್ತಿದ್ದ."

ಕೊರ್ಕೊಯ್ ಒಳಗೆ ಹೋಗಿ ಗಂಡನ ಮುಖ ನೋಡಿದಳು. "ಕಳ್ಳ! ಜೀವನ ಪೂರ್ತಿ ಬಾಯಿ ಬಿಡಲಿಲ್ಲವಲ್ಲೋ," ಅಂದಳು. ನಗುವೋ ಅಳುವೋ, ಎರಡೂ ಒಟ್ಟಿಗೇ ಬಂದವು. ಸೆರಗಲ್ಲಿ ಮೂಗೊರೆಸಿಕೊಂಡು ಹೊರಗೆ ಬಂದಳು.

"ಮೇಸ್ತ್ರೀ, ಅದರಲ್ಲೇ ಮಲಗಿಸಿ."

"ಮತ್ತೆ ನಿಮ್ಮ ಮಾವ?" ಅಂದರು ಮೇಸ್ತ್ರಿ.

"ಮನೆಗೆ ಬರೋ ದಾರಿ ಗೊತ್ತಿದ್ದದ್ದು ಆ ಕಾಲಿಗೇ. ಮಾವನ್ನ ಒಪ್ಪಿಸೋದು ಇವರ ಪಾಡು."

ಮಲಗಿಸಿದರು. ಹೆಂಡ ನೆಲಕ್ಕೆ ಸುರಿದು ಹಿರಿಯರನ್ನು ಕರೆದರು. ಆರು ಜನ ಹೆಗಲು ಕೊಟ್ಟರು, ತುತ್ತೂರಿ ಶುರುವಾಯಿತು. ಗೇಟಿನ ಹತ್ತಿರ ಮತ್ತೆ ಕೊರ್ಕೊಯ್ ಅಡ್ಡ ಬಂದಳು.

"ಇಳಿಸ್ರೋ!"

"ಅಯ್ಯೋ, ಇನ್ನೇನಮ್ಮಾ?" ಹೊತ್ತವರು ನರಳಿದರು.

ಅವಳು ದೂಳಲ್ಲೇ ಒಂದು ಮಂಡಿಯೂರಿ ಕೂತಳು. ಇನ್ನೊಂದು ತೊಡೆಯನ್ನು ತಟ್ಟಿ ತೋರಿಸಿದಳು. ಕೊಟೇಯ್‌ಗೆ ಮೊದಲು ಅರ್ಥವಾಯಿತು. ಓಡಿಹೋಗಿ ಪೆಟ್ಟಿಗೆಗೆ ಕೈ ಕೊಟ್ಟ. ಆರು ಜನ ಏದುಸಿರು ಬಿಡುತ್ತ ಬಗ್ಗಿ, ಬೂಟಿನ ಮೂತಿಯನ್ನು ಅವಳ ತೊಡೆಗೆ ಸೋಕುವಷ್ಟು ಇಳಿಸಿ ಹಿಡಿದರು. ಕೊರ್ಕೊಯ್ ಸೆರಗಿನ ತುದಿಗೆ ಉಗುಳು ಹಚ್ಚಿ, ಆ ಬೂಟನ್ನು ಮಿಂಚುವ ತನಕ ಒರೆಸಿದಳು.