ರಾಜನ ನಗಾರಿಗೆ ಮುನ್ನ

ನಾಲಿಶೆಬೊ ಸೋರೆ ಬುರುಡೆಯಿಂದ ದೋಣಿಯೊಳಗಿನ ನೀರನ್ನು ಮೊಗೆದು ಹೊರಗೆ ಚೆಲ್ಲುತ್ತಿದ್ದಳು. ಅಜ್ಜಿ ಮಾವಿನ ಮರಕ್ಕೆ ಒರಗಿ ನಿಂತಿದ್ದಳು. ಗುಡಿಸಲೊಳಗೆ ಅತ್ತಿಗೆ ನಮಕಾವು ನರಳುವುದು ಕೇಳುತ್ತಿತ್ತು.

ಈ ಸಲ ನೀರು ಬೇಗ ಬಂದಿತ್ತು. ಇಲ್ಲಿ ಮಳೆ ಹಿಂದೆಗೆಯುವ ಹೊತ್ತಿಗೆ ಬಡಗಣ ಕಾಡುಗಳ ಮಳೆಯೆಲ್ಲ ಲ್ಯಾಂಬಾಯಿ ಹೊಳೆಯಲ್ಲಿ ಇಳಿದುಬಂದು ಬಯಲನ್ನು ತುಂಬುತ್ತದೆ. ಅದು ಸದ್ದು ಮಾಡಿ ಬರುವುದಿಲ್ಲ. ಹುಲ್ಲಿನ ಬುಡ ಒದ್ದೆಯಾಗುತ್ತದೆ, ಇರುವೆಗಳು ಗೋಡೆ ಹತ್ತುತ್ತವೆ, ಆಮೇಲೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ಮನೆಯಿರುವ ದಿಬ್ಬದ ಸುತ್ತ ಆಕಾಶವೇ ಬಿದ್ದುಕೊಂಡಿರುತ್ತದೆ. ಅದನ್ನು ಯಾರೂ ಬೈಯುವುದಿಲ್ಲ. ಅದು ಬಿಟ್ಟುಹೋಗುವ ಕರಿಮಣ್ಣಿನಿಂದಲೇ ಮೆಕ್ಕೆಜೋಳ, ದನಕ್ಕೆ ಹುಲ್ಲು. ಬಯಲಿನ ಅಂಚಿನ ಮರಳಲ್ಲಿ ಏನು ಬೆಳೆದೀತು?

ಅಣ್ಣ ಸಿತುಂಬೆಕೊ ದನಗಳನ್ನು ಆ ಅಂಚಿಗೆ ಹೊಡೆದುಕೊಂಡು ಹೋಗಿದ್ದ. ನೀರು ಏರಿದಾಗ ವರ್ಷವೂ ಎಲ್ಲರೂ ಅಲ್ಲಿಗೇ ಹೋಗುವುದು; ಆದರೆ ದನ ಮೊದಲು ಹೋಗಬಹುದು, ಮನೆ ಹೋಗುವಂತಿಲ್ಲ. ರಾಜನ ನಗಾರಿ ಬಾರಿಸಿ, ಅವನ ದೋಣಿ ಹೊರಟ ಮೇಲೆಯೇ ಉಳಿದವರು ಪಾತ್ರೆ ಪಡಗ ಎತ್ತಬೇಕು. ನಗಾರಿ ಇನ್ನೂ ಬಾರಿಸಿರಲಿಲ್ಲ. ನಮಕಾವುಗೆ ಮಾತ್ರ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡಿತ್ತು. ಹೊಟ್ಟೆ ಮುಟ್ಟಿ ನೋಡಿದ ಅಜ್ಜಿಯ ಮುಖ ಕಪ್ಪಿಟ್ಟಿತ್ತು: ಮಗು ಅಡ್ಡ ಮಲಗಿದೆ. ಅಂಚಿನ ಆಸ್ಪತ್ರೆ ಮುಟ್ಟದಿದ್ದರೆ ತಾಯಿಯೂ ಉಳಿಯುವುದಿಲ್ಲ, ಮಗುವೂ ಉಳಿಯುವುದಿಲ್ಲ.

"ನಾವೇನು ಮನೆ ಎತ್ಕೊಂಡು ಹೋಗ್ತಿಲ್ಲ, ಹೆರಿಗೆಗೆ ಹೋಗ್ತಿದೀವಿ," ಎಂದಳು ಅಜ್ಜಿ. "ಚಾಪೆ ಇಲ್ಲ, ಮಡಕೆ ಇಲ್ಲ. ತಿಳೀತಾ?"

ನಾಲಿಶೆಬೊ ತಲೆಯಾಡಿಸಿದಳು. ಇಬ್ಬರೂ ಸೇರಿ ನಮಕಾವುವನ್ನು ದೋಣಿಯಲ್ಲಿ ಹುಲ್ಲು ಹಾಸಿ ಮಲಗಿಸಿದರು. ಅಜ್ಜಿ ಮುಂದೆ ಕೂತಳು, ನಾಲಿಶೆಬೊ ಹಿಂದೆ ನಿಂತು ದೋಣಿ ನೂಕುವ ಗಳ ಹಿಡಿದಳು.

ದೊಡ್ಡ ಕಾಲುವೆಯ ಬಾಯಲ್ಲಿ ಲಿಸ್ವಾನಿಸೊ ತಾತನ ದಿಬ್ಬ. ಬಲೆ ಹೆಣೆಯುತ್ತಿದ್ದ ಮುದುಕ ದೂರದಿಂದಲೇ ಕೂಗಿದ. "ಓಹೋ! ರಾಜನಿಗಿಂತ ಮುಂಚೆ ಸವಾರಿ ಹೊರಟಿತಾ? ನಗಾರಿ ನಿಮ್ಮನೇಲೇ ಬಾರಿಸಿದ್ರಾ?"

"ಕಣ್ಣು ಬಿಟ್ಟು ನೋಡೋ, ಮುದಿಯ! ಬಸುರಿ ಒದ್ದಾಡ್ತಿದಾಳೆ. ದೋಣೀಲಿ ಒಂದು ಸೌಟಿದ್ರೆ ತೋರಿಸು."

ಅವನು ಮೊಣಕಾಲುದ್ದ ನೀರಿಗಿಳಿದು ಬಂದ. ನಮಕಾವುವಿನ ಕಾಲ ಬಳಿ ಹುಲ್ಲು ಉಬ್ಬಿತ್ತು. ಸರಿಸಿದರೆ ಮನೆಯ ಕರಿ ಮಡಕೆ.

ಅಜ್ಜಿ ಮೊಮ್ಮಗಳ ಕಡೆ ತಿರುಗಿದಳು.

"ಅತ್ತಿಗೆಗೆ... ಹೆತ್ತ ಮೇಲೆ ಬಿಸಿ ಗಂಜಿ..." ಎಂದಳು ನಾಲಿಶೆಬೊ. ಹೊಳೆ ತನ್ನನ್ನು ಅಲ್ಲೇ ನುಂಗಿದರೆ ಸಾಕೆನಿಸಿತು.

"ಒಲೆ ಮೇಲಿನ ಮಡಕೆ ದಾಟಿದ್ರೆ ಮನೆ ದಾಟಿದ ಹಾಗೆ," ಎಂದ ಲಿಸ್ವಾನಿಸೊ. ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಆ ಮಗು ಮುಪ್ಪಾದ್ರೂ ಜನ ಆಡ್ಕೋತಾರೆ, ರಾಜನ್ನ ಹಿಂದೆ ಹಾಕಿ ಹೋದೋರು ಅಂತ."

ಅಜ್ಜಿ ಮಡಕೆಯನ್ನು ಎದೆಗವಚಿಕೊಂಡು ನೀರಿಗಿಳಿದೇಬಿಟ್ಟಳು. "ಹಾಗಾದ್ರೆ ಮಡಕೆ ಎಲ್ಲೋ ನಾನೂ ಅಲ್ಲೇ. ನಿನ್ನ ದಿಬ್ಬದ ಮೇಲೆ ಒಲೆ ಹಚ್ಚಿ ಕೂತಿರ್ತೀನಿ. ನಮ್ಮನೆ ಇನ್ನೂ ಬಯಲಲ್ಲೇ ಇದೆ ಅಂತ ಹೇಳು ಎಲ್ರಿಗೂ."

"ನಿನ್ನ ಅಡುಗೆ ತಿನ್ನೋ ಗತಿ ಬಂತಲ್ಲಪ್ಪ ನನಗೆ!"

"ತಿನ್ನಬೇಡ. ನನ್ನ ಮಕ್ಕಳನ್ನ ಬಿಡು."

ಲಿಸ್ವಾನಿಸೊ ನಾಲಿಶೆಬೊಳ ತೋಳುಗಳನ್ನು ನೋಡಿದ, ಕಾಲುವೆಯ ಸೆಳೆತವನ್ನು ನೋಡಿದ. "ಈ ಕಡ್ಡಿ ಕೈಯಲ್ಲಿ ದಾಟ್ತೀಯೇನೇ? ಆ ಕಡೆ ಸರಿ," ಎಂದು ಗಳ ಕಿತ್ತುಕೊಂಡು ದೋಣಿಯ ಹಿಂಬದಿಯಲ್ಲಿ ನಿಂತ.

ಸೆಳೆತ ದಾಟುವಾಗ ದೋಣಿ ಒಮ್ಮೆ ಅಡ್ಡಕ್ಕೆ ತಿರುಗಿತು. ಮುದುಕನ ಕತ್ತಿನ ನರಗಳು ಉಬ್ಬಿದವು, ಗಳ ಬಿಲ್ಲಿನಂತೆ ಬಾಗಿತು, ಮುರಿಯಲಿಲ್ಲ. "ಕಿರುಚು ಮಗಳೇ, ನಾಚಿಕೆ ಯಾಕೆ? ಇಲ್ಲಿ ಕೇಳೋಕೆ ಮೀನು ಬಿಟ್ರೆ ಯಾರಿದಾರೆ?" ಎಂದ ನಮಕಾವುಗೆ. ಅವಳು ನೋವಿನಲ್ಲೂ ನಕ್ಕಳು. ಆಚೆಗೆ ಹುಲ್ಲಿನ ತುದಿಗಳ ಮೇಲೆಯೇ ದೋಣಿ ನೆಟ್ಟಗೆ ಹಾಯ್ದಿತು. ನಾಲಿಶೆಬೊ ಕೈ ಇಳಿಬಿಟ್ಟು ನೀರನ್ನು ಮುಟ್ಟಿದಳು. ಇದು ತಡವಾಗಿ ಬಂದಿದ್ದರೆ ಇಷ್ಟು ದೂರವೂ ಕೆಸರು. ಅತ್ತಿಗೆಯನ್ನು ಹೊತ್ತು ಯಾರು ನಡೆಯುತ್ತಿದ್ದರು? ಬೇಗ ಬಂದೆಯಲ್ಲ, ಒಳ್ಳೆಯದಾಯಿತು ತಾಯೀ, ಎಂದುಕೊಂಡಳು.

ದಡದಲ್ಲಿ ಅಣ್ಣ ಓಡಿಬಂದು ಹೆಂಡತಿಯನ್ನು ಎತ್ತಿಕೊಂಡ. ಆಸ್ಪತ್ರೆಯ ಬಾಗಿಲು ಮುಚ್ಚಿತು. ನೆರಳು ಉದ್ದವಾಗುವವರೆಗೂ ಅದು ತೆರೆಯಲಿಲ್ಲ. ತೆರೆದಾಗ ಅಣ್ಣ ಹೊರಗೆ ಬಂದು, ಮರಳ ಮೇಲೆ ಕೂತು, "ಇಬ್ಬರೂ ಇದಾರೆ," ಎಂದ.

ನಾಲಿಶೆಬೊ ದಡಕ್ಕೆ ಓಡಿದಳು. ಲಿಸ್ವಾನಿಸೊ ದೋಣಿಯಲ್ಲೇ ಕಾದು ಕೂತಿದ್ದ. ಅವಳ ಮುಖ ನೋಡಿಯೇ ಎದ್ದ.

"ಗಂಡೋ, ಹೆಣ್ಣೋ?"

"ಹೆಣ್ಣು."

"ಅಜ್ಜಿಯ ನಾಲಿಗೆ ಬರದಿದ್ರೆ ಸಾಕು." ಅವನು ಗಳ ಊರಿದ. "ಅಲ್ಲಿ ಮುದುಕಿ ಒಬ್ಬಳೇ, ನೀರು ಬೇರೆ ಏರ್ತಿದೆ. ನಗಾರಿ ಆದ್ಮೇಲೆ ಅವಳನ್ನೂ ಮಡಕೇನೂ ಒಟ್ಟಿಗೆ ತರ್ತೀನಿ. ಬರ್ಲಾ?"

ಅವಳು ಒದ್ದೆ ಮರಳಲ್ಲಿ ಮಂಡಿಯೂರಿ, ಹಿರಿಯರಿಗೆ ಕೃತಜ್ಞತೆ ಹೇಳುವಂತೆ ಮೆಲ್ಲಗೆ ಚಪ್ಪಾಳೆ ತಟ್ಟಿದಳು. ಅವನು ಆಗಲೇ ಬೆನ್ನು ತಿರುಗಿಸಿದ್ದ. ಆ ಬೆನ್ನು ಬೆವರಿಗೆ ಹೊಳೆಯುತ್ತಿತ್ತು. ಬೆಳಗಿನಿಂದ ಮುದುಕ ಒಂದು ತುತ್ತೂ ತಿಂದಿಲ್ಲವೆಂಬುದು ಅವಳಿಗೆ ಆಗ ಹೊಳೆಯಿತು. ದೋಣಿ ಜೊಂಡು ದಾಟಿ ಬಯಲ ನೀರಿಗೆ ಬಿದ್ದಿತ್ತು. ಅವಳು ಎದ್ದು ನಿಂತು, ತನಗೇ ಗುರುತು ಸಿಗದಷ್ಟು ದೊಡ್ಡ ದನಿಯಲ್ಲಿ ಕೂಗಿದಳು:

"ತಾತಾ, ಒಂದು ತುತ್ತು ತಿಂದು ಹೋಗಿ!"